ಹಿಂದಿನ ಗಾಲಿಗಳ ನ್ಯಾಯ

ನವಲಗುಂದ ಸೀಮೆಯ ಎರೆಭೂಮಿಯನ್ನು ಬೇಸಿಗೆಯಲ್ಲಿ ಕಂಡವರು ಅದರ ಬಿರುಕುಗಳಿಗಾಗಿ ಮರುಗುತ್ತಾರೆ. ಶ್ರಾವಣದಲ್ಲಿ ಕಂಡವರು ತಮ್ಮ ಚಪ್ಪಲಿಗಳಿಗಾಗಿ ಮರುಗುತ್ತಾರೆ. ನಾಲ್ಕು ಹನಿ ಬಿದ್ದರೆ ಸಾಕು, ಈ ಮಣ್ಣು ಅಂಟಾಗಿ ಟಾಯರಿನ ಗೆರೆಗಳನ್ನೆಲ್ಲ ತುಂಬಿ ಗಾಲಿಯನ್ನು ನುಣ್ಣನೆಯ ಉಂಡೆಯಾಗಿಸುತ್ತದೆ. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಇಂಥ ಹಾದಿ 3 ಕಿಲೋಮೀಟರು. ಮಂಗಳವಾರ ಮತ್ತು ಶುಕ್ರವಾರ ಅಪ್ಪನನ್ನು ಡಯಾಲಿಸಿಸ್‌ಗಾಗಿ ಹುಬ್ಬಳ್ಳಿಗೆ ಕರೆದೊಯ್ಯುವುದು ಆ ಹಾದಿಯಿಂದಲೇ. ಮಳೆಯ ನೆಪ ಹೇಳಿ ತಪ್ಪಿಸಬಹುದಾದ ಚಿಕಿತ್ಸೆಯಲ್ಲ ಅದು. ಹೀಗಿರುವಾಗ ಕಳೆದ ಶ್ರಾವಣದಲ್ಲಿ ನಮ್ಮ ಹಳೆಯ ಜೀಪಿನ ಹಿಂದಿನ ಒಂದು ಗಾಲಿ ಕೆಸರಿನಲ್ಲಿ ನಿಂತಲ್ಲೇ ಗಿರಗಿರನೆ ತಿರುಗತೊಡಗಿತು, ಇನ್ನೊಂದು ಅಲುಗಲೊಲ್ಲದು. ಎಂಜಿನಿನ ಬಲವೆಲ್ಲ ಹಿಂದಿನ ಎರಡೇ ಗಾಲಿಗಳಿಗೆ ಹೋಗುವ ಗಾಡಿ ಅದು. ಆ ಮಂಗಳವಾರ ನೆರೆಯವರ ಟ್ರ್ಯಾಕ್ಟರು ಎಳೆದು ದಾಟಿಸಿತು. ಬಿತ್ತುವ, ಹರಗುವ ದಿನಗಳಲ್ಲಿ ಪ್ರತಿ ಸಲವೂ ಅದನ್ನು ಕೇಳುವುದು ಹೇಗೆ?

ಗಾಲಿ ಹೀಗೇಕೆ ಮಾಡುತ್ತದೆಂದು ತಿಳಿಯಲು ಹಂತಿಯನ್ನು ನೆನೆದರೆ ಸಾಕು. ಕಣದಲ್ಲಿ ಮೇಟಿಯ ಹತ್ತಿರದ ಎತ್ತು ಸಣ್ಣ ಸುತ್ತು ಸುತ್ತುತ್ತದೆ, ಹೊರಗಿನದು ದೊಡ್ಡ ಸುತ್ತು. ಎರಡೂ ಒಂದೇ ವೇಗದಲ್ಲಿ ನಡೆದರೆ ಹಂತಿ ಕೆಡುತ್ತದೆ. ತಿರುವಿನಲ್ಲಿ ಮೋಟಾರಿನ ಗಾಲಿಗಳ ಪಾಡೂ ಅದೇ. ಬಂಡಿಯ ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುವುದರಿಂದ ಬಂಡಿಗೆ ಈ ಚಿಂತೆಯಿಲ್ಲ. ಎಂಜಿನು ನಡೆಸುವ ಗಾಲಿಗಳಿಗೆ ಮಾತ್ರ ಒಂದು ಉಪಾಯ ಬೇಕು. 1827ರ ಸುಮಾರಿಗೆ ಒನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಯಂತ್ರಕುಶಲಿ ಅದನ್ನು ಹಬೆಗಾಡಿಗಾಗಿ ರೂಪಿಸಿದ. ಅದೇ ಡಿಫರೆನ್ಷಿಯಲ್. ಅದು ಎರಡೂ ಗಾಲಿಗಳಿಗೆ ಸಮನಾಗಿ ಬಲ ಹಂಚುತ್ತದೆ. ಕೇಳಲು ಬಹು ನ್ಯಾಯವಾದ ಮಾತು! ಆದರೆ ಕೆಸರಿನ ಗಾಲಿ ಎಷ್ಟು ಕಡಿಮೆ ಬಲವನ್ನು ತಾಳಬಲ್ಲುದೋ, ಗಟ್ಟಿ ನೆಲದ ಗಾಲಿಗೂ ಅಷ್ಟೇ ದಕ್ಕುತ್ತದೆ. ಮೈಗಳ್ಳ ತಮ್ಮ ಹೊತ್ತಷ್ಟೇ ಹೊರೆಯನ್ನು ದುಡಿಯುವ ಅಣ್ಣನೂ ಹೊರಬೇಕೆಂಬ ಕಟ್ಟಳೆ ಇದು.

1930ರ ದಶಕದಲ್ಲಿ ಆಟೋ ಯೂನಿಯನ್ ರೇಸು ಕಾರಿಗಾಗಿ ಫರ್ಡಿನಾಂಡ್ ಪೋರ್ಷೆ, ಜಾರುವ ಗಾಲಿಗೆ ಲಗಾಮು ಹಾಕುವ ಡಿಫರೆನ್ಷಿಯಲ್ಲನ್ನು ಮಾಡಿಸಿದ. 1956ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಅಂಥದನ್ನು ಸಂಸಾರಸ್ಥರ ಕಾರಿಗೂ ತಂದಿತು. ನಮ್ಮ ಜೀಪಿಗೆ ಮೊದಲಿನ ಮಾಲೀಕರು ಹಾಕಿಸಿದ್ದುದೂ ಇಂಥದೇ ‘ಲಿಮಿಟೆಡ್ ಸ್ಲಿಪ್’. ಗೇರುಗಳ ಬೆನ್ನಿಗೆ ತೆಳು ಬಿಲ್ಲೆಗಳನ್ನು ಪೇರಿಸಿರುತ್ತಾರೆ. ಒಂದು ಗಾಲಿ ಹುಚ್ಚೆದ್ದು ತಿರುಗಿದರೆ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ತಡೆಯುತ್ತವೆ. ಆ ತಡೆಯಿಂದ ಹೆಚ್ಚಿನ ಬಲ ಇನ್ನೊಂದು ಗಾಲಿಗೆ ಸಾಗುತ್ತದೆ. ನಮ್ಮ ಬಿಲ್ಲೆಗಳು ಸವೆದುಹೋಗಿದ್ದವು.

“ವೆಲ್ಡಿಂಗ್ ಹೊಡದ ಬಿಡೂಣ್ರಿ ಅಣ್ಣಾರ, ಎರಡೂ ಗಾಲಿ ಕೂಡೇ ತಿರಗತಾವ,” ಎಂದರು ಮಿಸ್ತ್ರಿ. ಕೆಸರಿಗೆ ಅದು ಸರಿಯೇ. ಆದರೆ ಡಾಂಬರಿನ ತಿರುವಿನಲ್ಲಿ ಟಾಯರು ತಿಕ್ಕುತ್ತದೆ, ಆಕ್ಸಲ್ಲಿಗೆ ತಿರುಚಾಟ ಬೀಳುತ್ತದೆ, ಗಾಡಿ ತಿರುಗಲೊಲ್ಲದೆ ನೆಟ್ಟಗೆ ಹೋಗಲೆಳಸುತ್ತದೆ. ಕೈಗೆ ಪಟ್ಟಿ ಸುತ್ತಿಕೊಂಡ ಮುದುಕರನ್ನು ಕೂಡಿಸಿಕೊಂಡು ಅಂಥ ಗಾಡಿ ನಡೆಸಲು ನನ್ನ ಮನಸ್ಸೊಪ್ಪಲಿಲ್ಲ. ಹುಬ್ಬಳ್ಳಿಯಿಂದ ಹೊಸ ಬಿಲ್ಲೆಗಳನ್ನು ತಂದು, ಅದೇ ರಾತ್ರಿ ತಮ್ಮನೂ ನಾನೂ ಬಿಚ್ಚಿದೆವು. ಶುಕ್ರವಾರ ಬೆಳಗಿನ ಆರು ಗಂಟೆಯೊಳಗೆ ಎಲ್ಲ ಮತ್ತೆ ಕೂಡಬೇಕು.

ಬೇರಿಂಗಿನ ಎಡಬಲದ ಕ್ಯಾಪುಗಳಿಗೆ ಮೊದಲೇ ಚುಕ್ಕೆ ಹೊಡೆದಿಟ್ಟಿದ್ದೆವು, ಅವು ಅದಲುಬದಲಾಗಕೂಡದು. ಎರಡು ಬದಿಯ ಶಿಮ್ಮುಗಳನ್ನು ಅವ್ವ ಎರಡು ಬೇರೆ ತಾಟುಗಳಲ್ಲಿ ಮುಚ್ಚಿಟ್ಟಳು. ಹೊಸ ಬಿಲ್ಲೆಗಳನ್ನು ಈ ಬಗೆಯ ಡಿಫರೆನ್ಷಿಯಲ್ಲಿಗೆಂದೇ ಬರುವ ಎಣ್ಣೆಯಲ್ಲಿ ನೆನೆಹಾಕಿ, ಬರಿಯ ಉಕ್ಕಿನದೊಂದು, ಉಜ್ಜುವ ಪದರವಿದ್ದದ್ದೊಂದು, ಹೀಗೆ ಒಂದರ ಮೇಲೊಂದು ಪೇರಿಸಿದೆವು. ಒಂದರ ಕಿವಿಗಳು ಹೊರಗಿನ ಡಬ್ಬಿಯ ಸೀಳಿನಲ್ಲಿ, ಇನ್ನೊಂದರ ಹಲ್ಲುಗಳು ಒಳಗಿನ ಗೇರಿನ ಮೇಲೆ ಕೂಡಬೇಕು. ಇಲ್ಲಿಯವರೆಗೆ ಹಪ್ಪಳ ಜೋಡಿಸುವಷ್ಟು ತಾಳ್ಮೆಯಿದ್ದರೆ ಸಾಕು.

ಕಷ್ಟವೆಲ್ಲ ನಡುವಿನ ಎರಡು ಚಿಕ್ಕ ಗೇರುಗಳದು. ಅವನ್ನು ಎದುರುಬದುರಾಗಿ ಹಲ್ಲಿಗೆ ಹಲ್ಲು ಕೊಟ್ಟು ಏಕಕಾಲಕ್ಕೆ ಒಳಗೆ ತಿರುಗಿಸಬೇಕು. ಬಿಲ್ಲೆಗಳ ಸ್ಪ್ರಿಂಗು ಅವಕ್ಕೆ ಎಡೆಗೊಡುವುದಿಲ್ಲ. ಒಂದು ಹಲ್ಲು ಹೆಚ್ಚುಕಡಿಮೆಯಾದರೂ ತೂತುಗಳು ಒಂದೇ ನೇರಕ್ಕೆ ಬಾರವು, ಅಡ್ಡಗೂಟ ತೂರದು. ಗುರುವಾರ ರಾತ್ರಿ ಹನ್ನೊಂದಾಗಿತ್ತು. ಮೊಬೈಲಿನ ಬೆಳಕು ಹಿಡಿದ ತಮ್ಮ ತೂಕಡಿಸುತ್ತಿದ್ದ. ಪಡಸಾಲೆಯ ಹೊರಸಿನಿಂದ ಅಪ್ಪನ ದನಿ ಬಂತು:

“ಏನ್ ಅಡಚಣಿ ಆಗೇತೋ?”

“ಎರಡೂ ಕೂಡೇ ಒಳಗ ಹೋಗವಲ್ವು, ಅಪ್ಪಾ.”

“ಒಂದ ಎತ್ತ ಹೂಡಿ ಇನ್ನೊಂದನ್ನ ಹುಡಕಬ್ಯಾಡ. ನೊಗಾ ಎತ್ತಿ ಎರಡಕ್ಕೂ ಒಮ್ಮೆಲೆ ಕೊಡು. ಗಡಬಡಿ ಏನಿಲ್ಲ, ನಾಳೆ ಒಂದಿನ ತಪ್ಪಿದರ ನಾ ಸಾಯಂಗಿಲ್ಲ.”

ಮಾತು ಹಗುರವಾಗಿತ್ತು. ಅವರ ಪಾದಗಳಿಗೆ ಬಾವು ಆಗಲೇ ಇಳಿದಿತ್ತು.

ಗೇರುಗಳನ್ನು ನಾನು ಎರಡೂ ಕೈಯಿಂದ ಒಮ್ಮೆಗೇ ಒತ್ತಿ ಹಿಡಿದೆ. ತಮ್ಮ ಕೆಳಗಿನಿಂದ ಕೂದಲೆಳೆಯಷ್ಟಷ್ಟೇ ತಿರುಗಿಸುತ್ತ ಬಂದ. ಏಳನೆಯ ಸಲವೋ ಎಂಟನೆಯ ಸಲವೋ ಗೂಟ ತೂರಿತು. ಅವ್ವ ಚಹಾ ಇಟ್ಟಳು.

ಉಳಿದದ್ದು ಅಳತೆಯ ಕೆಲಸ. ಕ್ರೌನು-ಪಿನಿಯನ್ನುಗಳ ನಡುವೆ ಇರಬೇಕಾದ ಸಡಿಲ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ ಮಾತ್ರ. ಅದನ್ನು ನೋಡಲು ಡಯಲ್ ಗೇಜು ಕೊಟ್ಟವರು ಆ ಮಿಸ್ತ್ರಿಯವರೇ. ವೆಲ್ಡಿಂಗಿನ ಮಾತನ್ನು ಅವರು ಮತ್ತೆತ್ತಲಿಲ್ಲ. ಹಿಂದಿನ ಎರಡೂ ಗಾಲಿಗಳನ್ನು ಸ್ಟ್ಯಾಂಡಿನ ಮೇಲೆತ್ತಿ, ಎಂಜಿನು ನಿಲ್ಲಿಸಿ, ಗೇರು ತೆಗೆದು, ಒಂದನ್ನು ಕೈಯಿಂದ ತಿರುಗಿಸಿದೆವು. ಸಾದಾ ಡಿಫರೆನ್ಷಿಯಲ್ಲಾದರೆ ಇನ್ನೊಂದು ಗಾಲಿ ಸಾಮಾನ್ಯವಾಗಿ ಉಲ್ಟಾ ತಿರುಗುತ್ತದೆ. ನಮ್ಮದು ಅದೇ ದಿಕ್ಕಿಗೆ ತಿರುಗಿತು. (ಒಂದೇ ಗಾಲಿಯನ್ನು ಜಾಕಿನ ಮೇಲೆತ್ತಿ ಎಂಜಿನಿನಿಂದ ಈ ಪರೀಕ್ಷೆ ಮಾಡಲು ಯಾರೂ ಹೋಗಬಾರದು, ನೆಲದ ಮೇಲಿನ ಗಾಲಿ ಗಾಡಿಯನ್ನು ಜಾಕಿನಿಂದ ಹಾರಿಸಿಬಿಡುತ್ತದೆ.)

ಶುಕ್ರವಾರ ಬೆಳಗಿನ ಜಾವದಿಂದಲೇ ಮಳೆ. ಹಳ್ಳದ ಏರಿನಲ್ಲಿ ಎಡಗಾಲಿ ಅರ್ಧ ಸುತ್ತು ಜಾರಿತು. ಬಲಗಾಲಿ ನೆಲ ಹಿಡಿಯಿತು. ಗಾಡಿ ಗುರುಗುಟ್ಟುತ್ತ ಮೇಲೇರಿತು. ಡಾಂಬರು ಕಂಡಾಗ ಇನ್ನೂ ಏಳು ಹೊಡೆದಿರಲಿಲ್ಲ. ಹಿಂದಿರುಗಿ ನೋಡಿದರೆ ಅಪ್ಪ ಅವ್ವನ ಹೆಗಲಿಗೊರಗಿ ನಿದ್ದೆ ಹೋಗಿದ್ದರು.