ಸಿಪ್ಪೆ ಮತ್ತು ಚೊಗರು

ಚನ್ನಗಿರಿಯ ಸೀಮೆಯಲ್ಲಿ ಅಡಿಕೆಯ ಸುಗ್ಗಿ ಬಂದಿತೆಂದರೆ ರಸ್ತೆಯ ಬದಿಗಳಲ್ಲಿ ಸಿಪ್ಪೆಯ ರಾಶಿ ಏಳುತ್ತದೆ. ಅಡಿಕೆಯನ್ನು ಸುಲಿದ ಮೇಲೆ ಸಿಪ್ಪೆ ಬೀಳಲೇಬೇಕು. ಬಿದ್ದುದನ್ನು ತೆಗೆಯದಿದ್ದರೆ ನಡೆಯುವವರಿಗೆ ದಾರಿಯಿಲ್ಲ. ಆದರೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿದ ಚೊಗರನ್ನು ಬಲ್ಲ ಬೆಳೆಗಾರನು ಚೆಲ್ಲುವುದಿಲ್ಲ. ಮುಂದೆ ಬೇಯುವ ಅಡಿಕೆಗೆ ಬಣ್ಣ ಕೊಡುವುದು ಅದೇ. ಎರಡೂ ಕೆಲಸದ ಉಳಿಕೆಗಳೇ. ಒಂದು ಹೊರೆ, ಇನ್ನೊಂದು ಬಂಡವಾಳ. ಇಷ್ಟು ವಿವೇಕವುಳ್ಳವನಿಗೆ ಗಣಕಯಂತ್ರದ ಒಳಮನೆಯ ವ್ಯವಹಾರವೂ ಹೊಸದೆನಿಸದು.

ಗಣಕವೂ ದುಡಿಯುವಾಗ ಸಿಪ್ಪೆ ಉದುರಿಸುತ್ತದೆ. ಪತ್ರವೊಂದನ್ನು ಮುದ್ರಿಸುವಾಗ, ಹೊಸ ತಂತ್ರಾಂಶವನ್ನು ಅಳವಡಿಸುವಾಗ, ಆ ಹೊತ್ತಿನ ಅಗತ್ಯಕ್ಕೆಂದು ತಾತ್ಕಾಲಿಕ ಕಡತಗಳನ್ನು ಬರೆದಿಟ್ಟುಕೊಳ್ಳುತ್ತದೆ. ಕೆಲಸ ಮುಗಿದೊಡನೆ ಅವನ್ನು ಅಳಿಸುವುದು ತಂತ್ರಾಂಶದ ಧರ್ಮ. ಜಗಳೂರಿನಲ್ಲಾಗಲಿ ಬೇರೆಲ್ಲಾಗಲಿ ನಡುವೆ ವಿದ್ಯುತ್ತು ಹೋಯಿತೆಂದರೆ ಆ ಧರ್ಮವು ಅರ್ಧಕ್ಕೇ ನಿಂತು, ಕಡತವು ಅನಾಥವಾಗಿ ಉಳಿಯುತ್ತದೆ. ಚೊಗರಿನಂಥದೂ ಒಂದುಂಟು, ಅದರ ಹೆಸರು ಕ್ಯಾಶ್. ಒಮ್ಮೆ ನೋಡಿದ ಪುಟ ಮತ್ತೆ ಬೇಗನೆ ತೆರೆಯಲೆಂದು ಕಾದಿರಿಸಿದ ಪ್ರತಿ ಅದು. ಅದನ್ನು ದಿನವೂ ಬಳಿದು ಚೆಲ್ಲಿದರೆ ದಿನವೂ ಎಲ್ಲವನ್ನೂ ಹೊಸದಾಗಿ ತರಬೇಕು. ಯಂತ್ರದ ವೇಗ ಹೆಚ್ಚುವ ಬದಲು ಕುಗ್ಗುತ್ತದೆ.

ಗುಡಿಸುವ ಏರ್ಪಾಡುಗಳಿಗೇನೂ ಕೊರತೆಯಿಲ್ಲ. ವಿಂಡೋಸ್ 98ರಲ್ಲೇ ಡಿಸ್ಕ್ ಕ್ಲೀನಪ್ ಇತ್ತು. 2017ರಲ್ಲಿ ವಿಂಡೋಸ್ 10ಕ್ಕೆ ಬಂದ ಸ್ಟೋರೇಜ್ ಸೆನ್ಸ್, ಅಪ್ಪಣೆ ಕೊಟ್ಟರೆ ತಾನಾಗಿಯೇ ಗುಡಿಸುತ್ತದೆ. ಅನೇಕ ಲಿನಕ್ಸ್ ಗಣಕಗಳಲ್ಲಿ ‘ಟೆಂಪ್’ ಕೋಶದ ಕಡತಗಳಿಗೆ 10 ದಿನ, ‘ವಾರ್ ಟೆಂಪ್’ ಕೋಶದವುಗಳಿಗೆ 30 ದಿನ ಆಯುಸ್ಸು. ಅಷ್ಟು ಕಾಲ ಯಾರೂ ಮುಟ್ಟದಿದ್ದರೆ ಅವು ಅಳಿಯುತ್ತವೆ.

ತೊಡಕು ಇರುವುದು ಮನುಷ್ಯನಲ್ಲಿ. ಪಹಣಿ, ಜಾತಿ ಪ್ರಮಾಣಪತ್ರ, ಮಗಳ ಅಂಕಪಟ್ಟಿ ಎಲ್ಲವನ್ನೂ ಇಳಿಸಿಕೊಂಡು ‘ಡೌನ್‌ಲೋಡ್ಸ್’ ಕೋಶದಲ್ಲೇ ಬಿಟ್ಟು ನಿಶ್ಚಿಂತನಾಗುತ್ತಾನೆ. ಜಗಲಿಯಲ್ಲಿಟ್ಟ ಗಂಟನ್ನು ಪೆಟ್ಟಿಗೆಯಲ್ಲಿಟ್ಟೆನೆಂದು ನಂಬಿದಂತೆ! 2018ರ ಒಂದು ಪರಿಷ್ಕರಣೆಯಲ್ಲಿ ಆ ಕೋಶವೂ ಡಿಸ್ಕ್ ಕ್ಲೀನಪ್ಪಿನ ಪಟ್ಟಿಗೆ ಸೇರಿತು. ಓದದೆಯೇ ಎಲ್ಲಕ್ಕೂ ಗುರುತು ಹಾಕುವ ಅಭ್ಯಾಸವಿದ್ದವರ ಗಂಟು ಕಸದ ಜೊತೆಗೇ ಹೋಗುವಂತಾಯಿತು.

ಇನ್ನು ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಅರ್ಜಿ ತುಂಬಿಕೊಡುವ ಒಂದು ಅಂಗಡಿಯನ್ನು ನೆನೆಯಿರಿ. ಹಗಲೆಲ್ಲ ಹತ್ತಾರು ರೈತರ ಆಧಾರ್ ಪ್ರತಿ, ಬ್ಯಾಂಕಿನ ಪುಸ್ತಕದ ಮೊದಲ ಪುಟ ಆ ಒಂದೇ ಯಂತ್ರದಲ್ಲಿ ಹಾದುಹೋಗುತ್ತವೆ. ರೈತನು ಕಾಗದವನ್ನು ಮಡಿಸಿ ಜೇಬಿಗಿಟ್ಟು ಬಸ್ಸು ಹತ್ತುತ್ತಾನೆ. ಅವನ ಗುಟ್ಟು ಮಾತ್ರ ಅಂಗಡಿಯಲ್ಲೇ ಉಳಿಯುತ್ತದೆ. ಅಲ್ಲಿ ಸಂಜೆ ಬಾಗಿಲು ಹಾಕುವ ಮುನ್ನ ಡೌನ್‌ಲೋಡ್ಸ್, ಟೆಂಪ್, ಕೊನೆಗೆ ರಿಸೈಕಲ್ ಬಿನ್ನನ್ನೂ ಬರಿದು ಮಾಡುವುದು ಯಂತ್ರದ ಆರೋಗ್ಯಕ್ಕಷ್ಟೇ ಸಲ್ಲುವ ಕೆಲಸವಲ್ಲ. ನಂಬಿ ಬಂದವನ ಋಣ ತೀರಿಸುವ ಕೆಲಸವೂ ಹೌದು.

ವಿಧಾನವೇನೂ ಕಠಿಣವಲ್ಲ. ಬೇಕಾದುದನ್ನು ಮೊದಲು ಅದರ ಸ್ಥಳಕ್ಕೆ ಸೇರಿಸಬೇಕು. ತೆರೆದ ತಂತ್ರಾಂಶಗಳನ್ನೆಲ್ಲ ಮುಚ್ಚಿ ಗಣಕವನ್ನು ಮರಳಿ ಚಾಲೂ ಮಾಡಬೇಕು. ಆಮೇಲೆ ತಾತ್ಕಾಲಿಕ ಕಡತಗಳನ್ನು ಅಳಿಸಬಹುದು. ಬಳಕೆಯಲ್ಲಿದೆಯೆಂದು ಯಂತ್ರ ಅಡ್ಡಿಪಡಿಸಿದ ಕಡತವನ್ನು ಅದರ ಪಾಡಿಗೆ ಬಿಡುವುದು ಲೇಸು. ಎಷ್ಟು ಜಾಗ ತೆರವಾಯಿತೆಂದು ಎಣಿಸಿ ಹಿಗ್ಗುವವರು ಬಹಳ; ಅಳಿಸುವ ಮೊದಲು ಇದು ಯಾರದೆಂದು ಕೇಳಿಕೊಳ್ಳುವವರು ವಿರಳ.