ಶಾಲೆಗೊಂದು ಹೊಸ ಕೋಣೆ

ಮಲೆನಾಡಿನ ಹಳೆಯ ಸರ್ಕಾರಿ ಶಾಲೆಗೆ ಮಂಗಳೂರು ಹೆಂಚೇ ಗುರುತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದ ಮೇಲೆ ಈ ಹೆಂಚು ಘಟ್ಟ ಹತ್ತಿತು. ಮಂಗ ಹಾರಿ ನಾಲ್ಕು ಹೆಂಚು ಒಡೆದರೆ ಸಾಕು, ಜುಲೈ ಮಳೆಗೆ ಮೂರನೇ ತರಗತಿಯವರು ನಾಲ್ಕನೆಯವರ ಕೋಣೆಗೆ ವಲಸೆ. ಮೇಷ್ಟ್ರು ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದರಲ್ಲಿ ಪದ್ಯ ನಡೆಸುತ್ತಾರೆ. ಮಕ್ಕಳಿಗೇನೋ ಅದು ಹಬ್ಬವೇ!

1987ರ ಕಪ್ಪುಹಲಗೆ ಕಾರ್ಯಾಚರಣೆ ಪ್ರತಿ ಪ್ರಾಥಮಿಕ ಶಾಲೆಗೆ ಮಳೆ ಬಿಸಿಲಿಗೆ ತಡೆಯುವ ಎರಡು ಕೋಣೆಯಾದರೂ ಇರಲಿ ಎಂದಿತು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೊಂದು ಕೊಠಡಿ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಆಟದ ಮೈದಾನ ಎಂದೆಲ್ಲ ಬರೆಯಿತು. ಸರಿಯೇ. ಆದರೆ ತಾರಸಿಯ ಕೊಠಡಿ ಮಂಜೂರಾದಾಗ ಹಳೆಯದನ್ನು ಕೆಡವಲು ಮೇಲಿನಿಂದ ಅನುಮತಿ ಬರಬೇಕು. ಅಲ್ಲಿಯವರೆಗೆ ಕಾಯುವವರು ಯಾರು? ಪಾಯ ತೋಡುವುದು ಕಬಡ್ಡಿ ಆಡುವ ಜಾಗದಲ್ಲೇ.

ಶೌಚಾಲಯದ ಮಾತು ಬೇರೆ. ಅಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ ಎಂದಾದರೆ ಏಳನೇ ತರಗತಿಯ ಹುಡುಗಿ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಕೇಳಿದರೆ ಬಾಯಾರಿಕೆಯಿಲ್ಲ ಎನ್ನುತ್ತಾಳೆ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗುವ ಅಪ್ಪ ಹೊಸ ಗೋಡೆಯ ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಬರುತ್ತಾನೆ. ಅಮ್ಮ ಹೋದ ದಿನ ಮೊದಲ ಮಾತೇ ಟ್ಯಾಂಕಿನ ನೀರಿನದು.