ಇಪ್ಪತ್ತೈದನೆಯ ಕಲಮು

ಬೆಳಿಗ್ಗೆ ಕಾನೂನು ಕಾಲೇಜಿನಲ್ಲಿ ಸಾಕ್ಷ್ಯ ಕಾಯ್ದೆಯ ಪಾಠ, ಹನ್ನೊಂದಕ್ಕೆ ಸರಕಾರಿ ವಕೀಲನಾಗಿ ಕೋರ್ಟು. ಬಹಳ ವರ್ಷ ನನ್ನ ಬದುಕು ಹೀಗೇ ನಡೆಯಿತು. ಕೆಲಸ ಎರಡು, ಕರಿ ಕೋಟು ಮಾತ್ರ ಒಂದೇ.

ಆ ಕಾಯ್ದೆಯಲ್ಲಿ ನನಗೆ ಅಚ್ಚುಮೆಚ್ಚಿನದು 25ನೆಯ ಕಲಮು. 1872ರಲ್ಲಿ ಇಂಗ್ಲಿಷರು ಬರೆದದ್ದು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ನಮ್ಮ ಮೇಲೆ ಪೊಲೀಸರನ್ನು ಬಿಟ್ಟವರೇ ಅವರನ್ನು ನಂಬಲಿಲ್ಲ! ಠಾಣೆಯೊಳಗಿನ ಸಂಗತಿ ಅವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಇದನ್ನು ಊರಲ್ಲಿ ತಿಳಿಸಿ ಹೇಳುವುದು ಕಷ್ಟ. ಒಮ್ಮೆ ದಿಗ್ಗೇವಾಡಿಗೆ ಹೋದಾಗ ಹೊಳೆದಂಡೆಯ ಕಬ್ಬಿನ ಹೊಲದಲ್ಲಿ ಪಂಪಸೆಟ್ಟು ಕಳುವಾದ ಸುದ್ದಿ. “ಫೌಜದಾರರ ಮುಂದ ಒಪ್ಪಿಕೊಂಡಾನಲ್ಲೋ ತಮ್ಮಾ, ಇನ್ನ ಕೋರ್ಟ್ ಯಾಕ?” ಎಂದರು ನಮ್ಮ ಕಾಕಾ. “ಒಂದ ರಾತ್ರಿ ಅಲ್ಲಿ ಕೂಡ್ರಿಸಿದ್ರ ನೀವೂ ಒಪ್ಪಿಕೊಳ್ತೀರಿ ಕಾಕಾ” ಎಂದೆ. ಅವರು ಎಲೆಯಡಿಕೆ ಚೀಲ ಬಿಚ್ಚಿದರು. ಮಾತು ಕಬ್ಬಿನ ಬಿಲ್ಲಿನ ಕಡೆ ಹೊರಳಿತು.

ಪಂಪಸೆಟ್ಟಿನ ಮಾತು ಬೇರೆ, ದೇಶದ ಭದ್ರತೆಯ ಮಾತು ಬೇರೆ ಎನ್ನುವವರುಂಟು. ಬಾಂಬು ಸಿಡಿದ ಮೇಲೆ ಸಾಕ್ಷಿ ಹೇಳಲು ಯಾರೂ ಮುಂದೆ ಬರುವುದಿಲ್ಲ; ಆ ಕಷ್ಟ ಸರಕಾರಿ ವಕೀಲನಿಗೇ ಗೊತ್ತು. 1987ರ ಟಾಡಾ ಕಾಯ್ದೆ ಅದಕ್ಕೊಂದು ಹಾದಿ ತೆಗೆಯಿತು. ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಸಾಕ್ಷ್ಯವೇ. 1994ರಲ್ಲಿ ಸುಪ್ರೀಂ ಕೋರ್ಟೂ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಅತ್ತ ವೀರಪ್ಪನ್ ಪ್ರಕರಣಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಬಡವರು ಟಾಡಾದಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. 2001ರಲ್ಲಿ ತೀರ್ಪು ಬಂದಾಗ ಹೆಚ್ಚಿನವರು ನಿರ್ದೋಷಿಗಳು. ಕಳೆದ ವರ್ಷಗಳನ್ನು ಯಾವ ಕಲಮಿನ ಕೆಳಗೆ ಕೇಳಬೇಕು?

ಇಲ್ಲಿ ನೆನಪಾಗುವವರು ನ್ಯಾಯಮೂರ್ತಿ ವಿ.ಎಸ್. ಮಳಿಮಠರು. ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದವರು, ಕರ್ನಾಟಕ ಮತ್ತು ಕೇರಳಗಳ ಮುಖ್ಯ ನ್ಯಾಯಮೂರ್ತಿಯಾದವರು. 1995ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಟಾಡಾ ಮುಂದುವರಿಸಬೇಡಿ ಎಂದು ಸಂಸದರಿಗೆ ಪತ್ರ ಬರೆದಾಗ ಅವರು ಅದರ ಸದಸ್ಯರು. ಆ ಮೇ ತಿಂಗಳಲ್ಲಿ ಟಾಡಾದ ಅವಧಿ ಮುಗಿಯಿತು. ಅದೇ ಮಳಿಮಠರ ಅಧ್ಯಕ್ಷತೆಯ ಸಮಿತಿ 2003ರಲ್ಲಿ, ಎಸ್.ಪಿ. ಮುಂದಿನ ತಪ್ಪೊಪ್ಪಿಗೆಯನ್ನು ಧ್ವನಿ ಅಥವಾ ವಿಡಿಯೊ ಮುದ್ರಣದೊಂದಿಗೆ ಸಾಮಾನ್ಯ ಮೊಕದ್ದಮೆಗಳಲ್ಲೂ ಒಪ್ಪಬಹುದೆಂದಿತು. ಆರೋಪಿಗೆ ವಕೀಲನನ್ನು ಕೇಳುವ ಹಕ್ಕಿದೆಯೆಂದು ಮೊದಲು ತಿಳಿಸಿರಬೇಕು, ಅಷ್ಟೆ.

ಹುಡುಗರು ಕೇಳಿದರು: “ಸರ್, ಇವರು ಯಾವ ಕಡೆಯವರು?” ಎರಡೂ ಕಡೆ ಕುಳಿತು ನೋಡಿದವರು ಎಂದೆ. ಆದರೆ ಆ ಶಿಫಾರಸು ನನಗೆ ಒಪ್ಪಿಗೆಯಾಗಲಿಲ್ಲ. ಕ್ಯಾಮೆರಾ ತೋರಿಸುವುದು ಒಪ್ಪಿಕೊಳ್ಳುವ ಗಳಿಗೆಯನ್ನು, ಅದರ ಹಿಂದಿನ ರಾತ್ರಿಯನ್ನಲ್ಲ. ಸರಕಾರದ ಕಡೆ ನಿಂತು ದುಡಿದ ನಾನು ಹೀಗೆಂದಾಗ ಕ್ಲಾಸಿನಲ್ಲಿದ್ದ ಫೌಜದಾರರ ಮಗನೊಬ್ಬ ತಲೆ ತಗ್ಗಿಸಿ ಬರೆದುಕೊಂಡ.

ಸಾಮಾನ್ಯ ಕಾನೂನಿನಲ್ಲಿ ಆ ಶಿಫಾರಸು ಸೇರಲಿಲ್ಲ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. 25ನೆಯ ಕಲಮು ಈಗ 23ನೆಯದು, ಹುರುಳು ಅದೇ. ಸರಕಾರಿ ವಕೀಲನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ, “ಬಾಯಾಗ ಇನ್ನೂ ಇಪ್ಪತ್ತೈದಂತನ ಬರ್ತದ್ರಿ ಸರ್” ಎಂದ. ನನಗೂ ಹಾಗೇ.